ಅಲಾರಂಗೂ ತನ್ನದೇ ವಾಲ್ಯೂಮ್ ಇರಬೇಕು: ಸಿಡಿ ಕ್ಲಾಕ್ ರೇಡಿಯೋವನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಹಾಸಿಗೆಯ ಪಕ್ಕಕ್ಕೆಂದು ಸಿಡಿ ಪ್ಲೇಯರ್, ರೇಡಿಯೋ, ಅಲಾರಂ ಗಡಿಯಾರ ಮೂರೂ ಒಂದಾಗಿರುವ ಸಿಡಿ ಕ್ಲಾಕ್ ರೇಡಿಯೋ ಆರಿಸುವವರು ಸಾಮಾನ್ಯವಾಗಿ ಸ್ಪೀಕರ್ ಎಷ್ಟು ವ್ಯಾಟ್‌ನದು, ಬ್ಲೂಟೂತ್ ಇದೆಯೇ, ಎಷ್ಟು ರೇಡಿಯೋ ಕೇಂದ್ರಗಳನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ನೋಡುತ್ತಾರೆ. ಅವೆಲ್ಲ ರಟ್ಟಿನ ಡಬ್ಬದ ಮೇಲೆಯೇ ಅಚ್ಚಾಗಿರುವುದರಿಂದ ಇಲ್ಲಿ ಮತ್ತೆ ಬರೆಯುವುದಿಲ್ಲ. ಡಬ್ಬದ ಮೇಲೆ ಎಲ್ಲಿಯೂ ಬರೆದಿರದ, ಆದರೆ ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಉಳಿದೆಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ ಒಂದಿದೆ. ಬೆಳಗ್ಗೆ ಅಲಾರಂ ಹೊತ್ತಿಗೆ ಯಂತ್ರವು ತನ್ನದೇ ಆದ ವಾಲ್ಯೂಮ್‌ನಲ್ಲಿ ನುಡಿಯುತ್ತದೆಯೋ, ಹಿಂದಿನ ರಾತ್ರಿ ನಾವು ಬಿಟ್ಟ ವಾಲ್ಯೂಮ್‌ನಲ್ಲಿಯೇ ನುಡಿಯುತ್ತದೆಯೋ ಎಂಬುದೇ ಆ ಸಂಗತಿ. ನನ್ನ ಯಂತ್ರ ಎರಡನೆಯ ಬಗೆಯದು, ಮತ್ತು ಈ ವಿಮರ್ಶೆಯ ಬಹುಪಾಲು ಅದರ ಕುರಿತೇ ಇರುತ್ತದೆ.

ನನ್ನ ಅಗತ್ಯ ಸರಳವಾಗಿತ್ತು. ಮಲಗುವ ಕೋಣೆಯಿಂದ ಫೋನನ್ನು ಹೊರಗಿಡಬೇಕಿತ್ತು, ಹಲವು ವರ್ಷಗಳಿಂದ ಕೂಡಿಟ್ಟ ಸಿಡಿಗಳನ್ನು ಮತ್ತೆ ಕೇಳಬೇಕಿತ್ತು, ಮತ್ತು ಬೆಳಗ್ಗೆ ಕರ್ಕಶ ಬಜರ್‌ಗೆ ಬದಲಾಗಿ ನಾನೇ ಆರಿಸಿದ ಸಂಗೀತಕ್ಕೆ ಎಚ್ಚರವಾಗಬೇಕೆಂಬ ಆಸೆಯಿತ್ತು. ಪ್ಲೇಯರ್, ಆಂಪ್ಲಿಫೈಯರ್, ಎರಡು ಸ್ಪೀಕರ್ ಎಂದು ಬೇರೆ ಬೇರೆಯಾಗಿ ಕೊಳ್ಳುವಷ್ಟು ಹಣವನ್ನು ಮಲಗುವ ಕೋಣೆಗಾಗಿ ತೆಗೆದಿಡಲು ನಾನು ಸಿದ್ಧವಿರಲಿಲ್ಲ, ಪುಟ್ಟ ಮೇಜಿನ ಮೇಲೆ ಅಷ್ಟು ಜಾಗವೂ ಇರಲಿಲ್ಲ. ಹಾಗಾಗಿ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ, ಮಧ್ಯಮ ದರ್ಜೆಯ, ಮೇಲಿನಿಂದ ಮುಚ್ಚಳ ತೆರೆದು ಸಿಡಿ ಹಾಕುವ ಮಾದರಿಯೊಂದನ್ನು ತಂದೆ.

ಇದರ ರಾತ್ರಿಯ ಕ್ರಮ ನನಗೆ ಇಂದಿಗೂ ಪ್ರಿಯವಾಗಿದೆ. ಮುಚ್ಚಳವನ್ನು ಮೆಲ್ಲಗೆ ಒತ್ತಿದರೆ ಅದು ಅವಸರವಿಲ್ಲದೆ ಏಳುತ್ತದೆ. ಸಿಡಿಯ ಅಂಚನ್ನು ಮಾತ್ರ ಹಿಡಿದು, ನಡುವಿನ ತೂತನ್ನು ತಿರುಗಣೆಯ ಮೇಲೆ ಕೂರಿಸಿ, ಎರಡು ಬೆರಳುಗಳಿಂದ ಒತ್ತಿದಾಗ, ತಿರುಗಣೆಯ ಸುತ್ತಲಿರುವ ಪುಟ್ಟ ಹಿಡಿಕೆಗಳು ಸಿಡಿಯನ್ನು ಕಚ್ಚಿ ಹಿಡಿದ 'ಟಕ್' ಎಂಬ ಸದ್ದು ಬೆರಳ ತುದಿಗೇ ತಿಳಿಯುತ್ತದೆ. ಆಮೇಲೆ, ಇಟ್ಟಷ್ಟು ಹೊತ್ತಿನ ನಂತರ ಯಂತ್ರವನ್ನು ಆರಿಸುವ ಸ್ಲೀಪ್ ಗುಂಡಿಯನ್ನು ತೊಂಬತ್ತು ನಿಮಿಷಕ್ಕೆ ಇಡುತ್ತೇನೆ. ಸಾಮಾನ್ಯವಾಗಿ ಸಿಡಿಯೊಂದರಲ್ಲಿ ಹಿಡಿಯುವ ಸಂಗೀತ 74 ನಿಮಿಷದ್ದು, ಹೆಚ್ಚೆಂದರೆ 80 ನಿಮಿಷದ ಆಸುಪಾಸು. ಆದ್ದರಿಂದ ತೊಂಬತ್ತಕ್ಕೆ ಇಟ್ಟರೆ ಯಾವ ಸಿಡಿಯೂ ನಡುವೆ ಕತ್ತರಿಸಿದಂತೆ ನಿಲ್ಲುವುದಿಲ್ಲ. ಸಂಗೀತ ತಾನಾಗಿ ಮುಗಿಯುತ್ತದೆ, ಸ್ವಲ್ಪ ಹೊತ್ತಿನ ನಂತರ ಯಂತ್ರವೂ ತಾನಾಗಿ ಆರುತ್ತದೆ. ಮುಂದಿನ ಹಾಡನ್ನು ಯಾರೋ ನನಗಾಗಿ ಆರಿಸಿ ನುಡಿಸುತ್ತಲೇ ಹೋಗುವುದಿಲ್ಲ ಎಂಬ ನೆಮ್ಮದಿ, ಫೋನಿನಲ್ಲಿ ಕೇಳುವಾಗ ನನಗೆ ಎಂದೂ ದೊರೆತಿರಲಿಲ್ಲ.

ಬೆಳಗಿನ ಮೊದಲ ಕೆಲವು ಕ್ಷಣಗಳ ಸೊಗಸನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ. ಅಲಾರಂ ಸಮಯವಾದೊಡನೆ ಸಂಗೀತ ಥಟ್ಟನೆ ಶುರುವಾಗುವುದಿಲ್ಲ. ಮೊದಲು ಲೇಸರ್ ಇರುವ ಪುಟ್ಟ ಗಾಡಿ ಹಳಿಯ ಮೇಲೆ ಒಳ ಅಂಚಿಗೆ ಸರಿಯುತ್ತದೆ, ಏಕೆಂದರೆ ಗ್ರಾಮಫೋನ್ ತಟ್ಟೆಗೆ ವಿರುದ್ಧವಾಗಿ ಸಿಡಿಯನ್ನು ಒಳಗಿನಿಂದ ಹೊರಕ್ಕೆ ಓದಲಾಗುತ್ತದೆ. ನಂತರ ಲೆನ್ಸ್ ಮೇಲೆ ಕೆಳಗೆ ಆಡುತ್ತಾ ಫೋಕಸ್ ಹುಡುಕುತ್ತದೆ, ಮೋಟಾರು ಸಿಡಿಯನ್ನು ನಿಮಿಷಕ್ಕೆ ಸುಮಾರು 500 ಸುತ್ತುಗಳ ವೇಗಕ್ಕೆ ತರುತ್ತದೆ, ಒಳ ಅಂಚಿನಲ್ಲಿರುವ ಟ್ರ್ಯಾಕ್‌ಗಳ ಪಟ್ಟಿಯನ್ನು ಓದಿದ ಮೇಲಷ್ಟೇ ಮೊದಲ ಸ್ವರ ಹೊರಡುತ್ತದೆ. ಈ ಕ್ರಿಯೆಯೆಲ್ಲ ಕೆಲವೇ ಸೆಕೆಂಡುಗಳದ್ದು, ಕೇಳಿಸುವುದು ಒಂದು ಸಣ್ಣ ಸರಸರ ಸದ್ದು ಮಾತ್ರ. ಕೆಲವರು ಇದನ್ನು ದೋಷವೆಂದು ಬರೆದಿರುವುದನ್ನು ಓದಿದ್ದೇನೆ. ನನಗಾದರೋ ಆ ಸದ್ದಿಗೇ ಅರೆ ಎಚ್ಚರವಾಗಿ, ಸಂಗೀತ ಬರುವಷ್ಟರಲ್ಲಿ ಮನಸ್ಸು ಅದನ್ನು ಕೇಳಲು ಅಣಿಯಾಗಿರುತ್ತದೆ.

ಇಷ್ಟೆಲ್ಲ ಚೆನ್ನಾಗಿರುವ ಯಂತ್ರ ಆ ಮೊದಲ ಸ್ವರದಲ್ಲಿಯೇ ಎಡವುತ್ತದೆ. ಇದರ ವಾಲ್ಯೂಮ್ ಗುಂಡಿ ಹಳೆಯ ರೀತಿಯದು, ಅಂದರೆ ಕೈಯಿಂದ ತಿರುಗಿಸಿದಷ್ಟು ತಿರುಗಿ ಅಲ್ಲಿಯೇ ನಿಲ್ಲುವಂಥದ್ದು. ಕೈಗೆ ಅದು ಹಿತವಾಗಿದೆ, ಕತ್ತಲಲ್ಲಿಯೂ ಸುಲಭವಾಗಿ ಸಿಗುತ್ತದೆ. ಆದರೆ ಆ ಗುಂಡಿಯನ್ನು ಯಂತ್ರ ತಾನಾಗಿ ತಿರುಗಿಸಿಕೊಳ್ಳಲಾರದು, ಮತ್ತು ಅಲಾರಂಗೆಂದು ಬೇರೆ ವಾಲ್ಯೂಮ್ ಅನ್ನು ಇದರಲ್ಲಿ ಕೊಟ್ಟಿಲ್ಲ. ರಾತ್ರಿ ಕಿವಿಗೆ ತಾಕಿಯೂ ತಾಕದಷ್ಟು ಮೆಲ್ಲಗೆ ಕೇಳುತ್ತಾ ನಿದ್ದೆ ಹೋದರೆ, ಬೆಳಗಿನ ಅಲಾರಂ ಕೂಡ ಅಷ್ಟೇ ಮೆಲ್ಲಗೆ ನುಡಿದು ನನ್ನನ್ನು ಎಬ್ಬಿಸದೆ ಮುಗಿದುಹೋಗುತ್ತದೆ. ಸಂಜೆ ಬಟ್ಟೆ ಮಡಿಸುತ್ತಾ ಜೋರಾಗಿ ಕೇಳಿ ಗುಂಡಿಯನ್ನು ಹಾಗೆಯೇ ಬಿಟ್ಟಿದ್ದರೆ, ಬೆಳಗ್ಗೆ ಇಡೀ ಮನೆ ಬೆಚ್ಚಿ ಏಳುತ್ತದೆ. ನಿದ್ದೆಗೆ ಬೇಕಾದ ವಾಲ್ಯೂಮ್ ಒಂದು, ಎಚ್ಚರಕ್ಕೆ ಬೇಕಾದದ್ದು ಇನ್ನೊಂದು. ಈ ಎರಡನ್ನೂ ಒಂದೇ ಗುಂಡಿಗೆ ಕಟ್ಟಿದವರು ಈ ಯಂತ್ರದ ಪಕ್ಕದಲ್ಲಿ ಒಂದು ರಾತ್ರಿಯಾದರೂ ಮಲಗಿ ನೋಡಿದ್ದರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಗುಂಡಿಯ ಮೇಲೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ, ಮಲಗುವ ಮುನ್ನ ಅದಕ್ಕೆ ತಿರುಗಿಸಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು, ಅದಕ್ಕೆ ಕಾರಣ ಸಿಡಿಯಲ್ಲಿಯೇ ಇದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಈ ಮಾಧ್ಯಮವು 16 ಬಿಟ್‌ಗಳಲ್ಲಿ ಧ್ವನಿಯನ್ನು ದಾಖಲಿಸುತ್ತದೆ. ಅತಿ ಮೆಲುದನಿಗೂ ಅತಿ ಜೋರು ದನಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳಷ್ಟು ಅಂತರಕ್ಕೆ ಅದರಲ್ಲಿ ಅವಕಾಶವಿದೆ. ಆರಂಭದ ವರ್ಷಗಳ ಅನೇಕ ಸಿಡಿಗಳು ಮೇಲಿನ ಮಿತಿಯಿಂದ ಸಾಕಷ್ಟು ಕೆಳಗೇ ಉಳಿಯುತ್ತಿದ್ದವು. ತೊಂಬತ್ತರ ದಶಕದಿಂದೀಚೆಗೆ, ಮುಖ್ಯವಾಗಿ ಜನಪ್ರಿಯ ಸಂಗೀತದಲ್ಲಿ, ಎಲ್ಲವನ್ನೂ ಒತ್ತಿ ಆ ಮಿತಿಯ ಹತ್ತಿರಕ್ಕೇ ತಂದು ಅಚ್ಚು ಹಾಕುವ ರೂಢಿ ಬೆಳೆಯಿತು. ಹೀಗಾಗಿ ಗುಂಡಿ ಒಂದೇ ಜಾಗದಲ್ಲಿದ್ದರೂ ನನ್ನ ಹಳೆಯ ಕೊಳಲಿನ ಸಿಡಿ ಪಿಸುಗುಟ್ಟುತ್ತದೆ, ಇತ್ತೀಚಿನ ವಾದ್ಯವೃಂದದ ಸಿಡಿ ಅಬ್ಬರಿಸುತ್ತದೆ. ರೇಡಿಯೋ ಅಲಾರಂಗೆ ಬದಲಾಯಿಸಿದರೆ ಅದರ ಮಟ್ಟವೇ ಮತ್ತೊಂದು. ಪೆನ್ಸಿಲ್ ಗುರುತು ಒಂದು ಸಿಡಿಗೆ ಸರಿಹೋದರೆ ಉಳಿದವಕ್ಕೆ ಸರಿಹೋಗುವುದಿಲ್ಲ.

ಕೊನೆಗೆ ನಾನು ಕಂಡುಕೊಂಡ ದಾರಿಯೆಂದರೆ, ಎಬ್ಬಿಸುವುದಕ್ಕೆಂದೇ ಸಿಡಿಗಳನ್ನು ಬೇರೆಯಾಗಿ ತೆಗೆದಿಡುವುದು. ಮೊದಲ ಟ್ರ್ಯಾಕ್ ಮೆಲ್ಲಗೆ ಆರಂಭವಾಗಿ ಒಂದೆರಡು ನಿಮಿಷಗಳಲ್ಲಿ ತುಂಬಿಕೊಳ್ಳುವ ಸಿಡಿಗಳಾದರೆ ಎದೆ ಝಲ್ಲೆನ್ನಿಸದೆ ಎಬ್ಬಿಸುತ್ತವೆ. ಕೆಲವು ಯಂತ್ರಗಳು ಅಲಾರಂ ವಾಲ್ಯೂಮ್ ಅನ್ನು ತಾವೇ ಹಂತಹಂತವಾಗಿ ಏರಿಸುತ್ತವೆ. ನನ್ನದು ಮಾಡದ ಆ ಕೆಲಸವನ್ನು ಇಲ್ಲಿ ಸಂಗೀತವೇ ಮಾಡುತ್ತದೆ. ಇಂಥ ಸಿಡಿಗಳ ಹೊದಿಕೆಯ ಮೇಲೆ, ಗುಂಡಿ ಎಲ್ಲಿರಬೇಕೆಂದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಇದಕ್ಕೆ ಹತ್ತು ಗಂಟೆ, ಅದಕ್ಕೆ ಹನ್ನೆರಡು ಗಂಟೆ ಎಂದು. ರಾತ್ರಿ ಕೇಳುವ ಸಿಡಿಯನ್ನು ತೆಗೆದು ಬೆಳಗಿನ ಸಿಡಿ ಹಾಕುವುದು, ಗುಂಡಿ ತಿರುಗಿಸಿಡುವುದು ಈಗ ಅಭ್ಯಾಸವಾಗಿದೆ. ನಿಜ ಹೇಳಬೇಕೆಂದರೆ, ನಾಳೆಯ ಬೆಳಗು ಯಾವ ರಾಗದಿಂದ ಶುರುವಾಗಬೇಕು ಎಂದು ದಿನವೂ ಯೋಚಿಸುವುದು ಈ ಕೊರತೆಯಿಂದಾಗಿಯೇ ನನಗೆ ಒದಗಿತು, ಮತ್ತು ಅದರ ಮೇಲಿದ್ದ ಸಿಟ್ಟು ಬಹುಮಟ್ಟಿಗೆ ಇಳಿದದ್ದೂ ಅದರಿಂದಲೇ. ಆದರೂ ಸಿಡಿ ಕೇಳುತ್ತಾ ನಿದ್ದೆ ಹೋಗುವ ದಿನ ಗುಂಡಿ ತಿರುಗಿಸುವವರು ಯಾರೂ ಇರುವುದಿಲ್ಲ. ಆ ದಿನಗಳಲ್ಲಿ ಬಜರ್‌ಗೆ ಶರಣಾಗಬೇಕು. ನನ್ನ ಯಂತ್ರದಲ್ಲಿ ಬಜರ್ ಮಾತ್ರ ವಾಲ್ಯೂಮ್ ಗುಂಡಿಯ ಹಂಗಿಲ್ಲದೆ ಕೂಗುತ್ತದೆ. ಸಿಡಿ ಹಾಕುವುದು ಮರೆತುಹೋಗಿದ್ದರೂ ಅದು ಬಜರ್‌ಗೇ ಹೊರಳುತ್ತದೆ, ಅಷ್ಟರ ಮಟ್ಟಿಗೆ ನಂಬಬಹುದು.

ಅಲಾರಂ ಅನ್ನು ಸ್ವಲ್ಪ ಹೊತ್ತು ಮುಂದೂಡುವ ಸ್ನೂಜ್ ಗುಂಡಿ ಒತ್ತಿದರೆ ಸಿಡಿ ನಿಲ್ಲುತ್ತದೆ, ಒಂಬತ್ತು ನಿಮಿಷದ ನಂತರ ಮತ್ತೆ ಮೊದಲ ಟ್ರ್ಯಾಕ್‌ನಿಂದಲೇ ಆರಂಭವಾಗುತ್ತದೆ. ಮೆಲ್ಲಗೆ ಏರುವ ಸಂಗೀತಕ್ಕೆ ಇದು ಅನುಕೂಲವೇ.

ಡಿಸ್‌ಪ್ಲೇಯ ಬೆಳಕು ಮೂರು ಹಂತಗಳಲ್ಲಿ ಇಳಿಯುತ್ತದೆ, ಕೊನೆಯ ಹಂತ ನನ್ನ ಕಣ್ಣಿಗೆ ಸಾಕು. ಗಡಿಯಾರದ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಇಂಥ ಎಷ್ಟೋ ಯಂತ್ರಗಳು ಮನೆಗೆ ಬರುವ ವಿದ್ಯುತ್ತಿನ ಕಂಪನಗಳನ್ನು ಎಣಿಸಿ ಸಮಯ ತೋರಿಸುತ್ತವೆ. ಸೆಕೆಂಡಿಗೆ 60 ಕಂಪನಗಳ ವಿದ್ಯುತ್ತಿಗೆಂದು ಮಾಡಿದ, ಬದಲಾಯಿಸುವ ಸೌಲಭ್ಯವಿಲ್ಲದ ಅಂಥ ಗಡಿಯಾರವನ್ನು 50 ಕಂಪನಗಳಿರುವ ಕಡೆ ಹಾಕಿದರೆ, ವೋಲ್ಟೇಜ್ ಎಷ್ಟೇ ಸರಿಹೊಂದಿಸಿದರೂ ಅದು ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬೇರೆ ದೇಶದಿಂದ ಉಡುಗೊರೆಯಾಗಿ ತರಿಸಿಕೊಳ್ಳುವವರು ಇದನ್ನು ಗಮನಿಸಬೇಕು. ವಿದ್ಯುತ್ ಹೋದಾಗ ಸಮಯ ಉಳಿಸಿಕೊಳ್ಳಲು ಅಡಿಯಲ್ಲೊಂದು ಬ್ಯಾಟರಿ ಹಾಕುವ ಜಾಗವಿದೆ. ಆದರೆ ಆ ಬ್ಯಾಟರಿ ಇರುವುದು ಗಡಿಯಾರದ ನೆನಪಿಗಾಗಿ, ಸಿಡಿ ತಿರುಗಿಸುವ ಮೋಟಾರಿಗಾಗಿ ಅಲ್ಲ. ನಸುಕಿನಲ್ಲಿ ವಿದ್ಯುತ್ ಇಲ್ಲದಿದ್ದರೆ ಸಂಗೀತವೂ ಇಲ್ಲ.

ರೇಡಿಯೋ ಚೆನ್ನಾಗಿಯೇ ಇದೆ. ಎಫ್‌ಎಂಗೆ ಹಿಂದಿನ ತಂತಿಯೇ ಆಂಟೆನಾ ಆದ್ದರಿಂದ ಅದನ್ನು ಸುತ್ತಿಡದೆ ಪೂರ್ತಿ ಚಾಚಬೇಕು. ಎಎಂ ಆಂಟೆನಾ ಒಳಗಿನ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಯಾದುದರಿಂದ ಪೆಟ್ಟಿಗೆಯನ್ನೇ ತಿರುಗಿಸಿ ನೋಡಬೇಕು, ಫೋನ್ ಚಾರ್ಜರನ್ನು ಅದರ ಪಕ್ಕದಲ್ಲಿ ಇಡಬಾರದು.

ಮೇಲಿನಿಂದ ತೆರೆಯುವ ಮಾದರಿಯಲ್ಲಿ ಲೆನ್ಸ್ ಕಣ್ಣಿಗೆ ಕಾಣುವಂತೆಯೇ ಇರುತ್ತದೆ, ಹಾಗಾಗಿ ಧೂಳು ಸುಲಭವಾಗಿ ಕೂರುತ್ತದೆ. ಮುಚ್ಚಳ ತೆರೆದಿಟ್ಟು ಹೋಗದಿದ್ದರೆ ಮತ್ತು ಆಗಾಗ ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಧೂಳು ಹಾರಿಸಿದರೆ ಸಾಕಾಗುತ್ತದೆ. ಸಿಡಿ ಒರೆಸುವಾಗ ಸುತ್ತ ಸುತ್ತ ಉಜ್ಜದೆ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಮಾಹಿತಿಯಿರುವುದು ಸುರುಳಿ ಸಾಲಿನಲ್ಲಿ; ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಚೂರು ಭಾಗವನ್ನಷ್ಟೇ ಕೆಡಿಸುವುದರಿಂದ ಪ್ಲೇಯರ್ ಅದನ್ನು ಸರಿಪಡಿಸಿಕೊಳ್ಳಬಲ್ಲದು, ಸಾಲಿನ ಉದ್ದಕ್ಕೂ ಬಿದ್ದ ಗೀರನ್ನು ಅಷ್ಟು ಸುಲಭವಾಗಿ ಸರಿಪಡಿಸಲಾರದು. ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿಯನ್ನೇ ಹೆಚ್ಚು ಜೋಪಾನ ಮಾಡಬೇಕೆಂಬುದು ಹಲವರಿಗೆ ಗೊತ್ತಿಲ್ಲ. ಕೆಳಗೆ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ, ಮೇಲೆ ಲೋಹದ ಪೊರೆಯನ್ನು ಕಾಯುವುದು ತೆಳುವಾದ ಮೆರುಗೆಣ್ಣೆಯ ಲೇಪ ಮಾತ್ರ.

ಹಜಾರದಲ್ಲಿ ಕುಳಿತು ಗಮನವಿಟ್ಟು ಕೇಳುವುದೇ ಉದ್ದೇಶವಾಗಿದ್ದರೆ ಈ ಬಗೆಯ ಯಂತ್ರವನ್ನು ನಾನು ಸೂಚಿಸುವುದಿಲ್ಲ. ಅಂಗೈಯಗಲದ ಸ್ಪೀಕರ್‌ಗಳಿಂದ ಮಂದ್ರ ಸ್ವರಗಳ ಗಾಂಭೀರ್ಯ ಬರುವುದಿಲ್ಲ, ಎರಡು ಸ್ಪೀಕರ್‌ಗಳು ಅಷ್ಟು ಹತ್ತಿರವಿರುವಾಗ ಸ್ಟೀರಿಯೋದ ಹರವೂ ಕಾಣುವುದಿಲ್ಲ. ಈಗಾಗಲೇ ಆಂಪ್ಲಿಫೈಯರ್ ಇದ್ದವರು ಲೈನ್ ಔಟ್ (ಆಂಪ್ಲಿಫೈಯರ್‌ಗೆ ಧ್ವನಿ ಕಳಿಸುವ ಕಿಂಡಿ) ಇರುವ ಬಿಡಿ ಸಿಡಿ ಪ್ಲೇಯರ್ ಕೊಳ್ಳುವುದು ಲೇಸು. ಅದು ಗಡಿಯಾರವೂ ಆಗಬೇಕಿಲ್ಲ, ಅಲಾರಂ ಹೊಡೆಯಬೇಕಾಗಿಯೂ ಇಲ್ಲ, ಆದ್ದರಿಂದ ಕೊಟ್ಟ ಹಣ ಧ್ವನಿಗೇ ಸಲ್ಲುತ್ತದೆ. ಮಲಗುವ ಕೋಣೆಗಾದರೆ ಸಿಡಿ ಕ್ಲಾಕ್ ರೇಡಿಯೋವನ್ನೇ ನಾನು ಮತ್ತೆ ಆರಿಸುತ್ತೇನೆ, ಆದರೆ ವಾಲ್ಯೂಮ್ ಅನ್ನು ಅಂಕಿಯಲ್ಲಿ ತೋರಿಸುವ ಮತ್ತು ಅಲಾರಂ ವಾಲ್ಯೂಮ್ ಅನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವ ಮಾದರಿಯನ್ನು. ಎರಡು ಅಲಾರಂಗಳಿವೆ ಎಂಬ ಹೇಳಿಕೆಯನ್ನು ನೋಡಿ ಇಬ್ಬರ ಬಳಕೆಗೆ ಕೊಳ್ಳುವವರು, ಆ ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇದೆಯೇ ಎಂದು ವಿಶೇಷವಾಗಿ ನೋಡಬೇಕು. ಒಬ್ಬರಿಗೆ ಗಾಢ ನಿದ್ದೆ, ಇನ್ನೊಬ್ಬರಿಗೆ ಎಳೆ ನಿದ್ದೆಯಾದರೆ ಎರಡು ಸಮಯಗಳಿದ್ದು ಒಂದೇ ವಾಲ್ಯೂಮ್ ಇರುವುದರಿಂದ ಪ್ರಯೋಜನವಿಲ್ಲ.

ಇದನ್ನು ತಿಳಿಯಲು ಬಳಕೆದಾರರ ಕೈಪಿಡಿಯ ಅಲಾರಂ ಪುಟವನ್ನು ಕೊಳ್ಳುವ ಮೊದಲೇ ಓದುವುದು ಒಳ್ಳೆಯದು. ಕೈಪಿಡಿ ಸಿಗದಿದ್ದರೆ ಅಂಗಡಿಯಲ್ಲಿಯೇ ನಿಮ್ಮದೊಂದು ಸಿಡಿ ಹಾಕಿ, ಅಲಾರಂ ಅನ್ನು ಎರಡು ನಿಮಿಷ ಮುಂದಕ್ಕಿಟ್ಟು, ವಾಲ್ಯೂಮ್ ಅನ್ನು ಕೇಳಿಸದಷ್ಟು ಇಳಿಸಿ ಕಾಯಿರಿ. ಸಮಯವಾದಾಗ ಸಂಗೀತ ಸ್ಪಷ್ಟವಾಗಿ ಕೇಳಿಸಿದರೆ ಆ ಯಂತ್ರವನ್ನು ಮಲಗುವ ಕೋಣೆಗೆ ಧೈರ್ಯವಾಗಿ ತರಬಹುದು. ಸಿಡಿ ತಿರುಗುವ ಸದ್ದು ಮಾತ್ರ ಬಂದರೆ, ಅದನ್ನು ಅಲ್ಲಿಯೇ ಬಿಟ್ಟು ಪಕ್ಕದ ಮಾದರಿಯನ್ನು ಹೀಗೆಯೇ ಪರೀಕ್ಷಿಸಿ.