ಫಾರ್ಚುನರ್ ಮೂತಿ 1 ಇಂಚು ಎತ್ತೋಕೆ: ಮೇಲಿನ ಸ್ಪೇಸರ್ರಾ, ಒಳಗಿನ ಬಳೆನಾ, ಸ್ಪ್ರಿಂಗಾ?

ಮೊದ್ಲೇ ಹೇಳ್ಬಿಡ್ತೀನಿ, ಗೆದ್ದಿದ್ದು ಶಾಕಬ್ಸರ್ ತಲೆ ಮೇಲೆ ಕೂರೋ ಅಲ್ಯೂಮಿನಿಯಂ ಸ್ಪೇಸರ್, ಅಂದ್ರೆ ಎತ್ತರ ಕೊಡೋ ದಪ್ಪ ಬಿಲ್ಲೆ. ಆದ್ರೆ ಅಲ್ಲಿಗೆ ಬರೋಷ್ಟರಲ್ಲಿ ಏಳು ಸಾವಿರ ಮಣ್ಣುಪಾಲಾಯ್ತು.

ನಂದು 2013ರ ಹಳೇ ಮಾಡೆಲ್. ಹಿಂದೆ ಜನ, ಲಗೇಜು ತುಂಬಿದಾಗ ಸಮ ಆಗ್ಲಿ ಅಂತ ಮೂತಿ ಸ್ವಲ್ಪ ತಗ್ಗಲ್ಲೇ ಇರುತ್ತೆ, ಖಾಲಿ ನಿಲ್ಸಿದ್ರೆ ಹಾಯೋಕ್ ಬರೋ ಹೋರಿ ಥರ ಕಾಣುತ್ತೆ. ನೋಟ ಹಾಳಾಗ್ಲಿ, ಹಾನುಬಾಳು ಕಡೆ ತೋಟದ ದಾರೀಲಿ ಮಳೆಗಾಲ ಮುಗಿದ್ಮೇಲೆ ಎದ್ದಿರೋ ಕಲ್ಲಿಗೆ ಮುಂದಿನ ತಳ ಕರ್ರ್ ಅಂತ ಉಜ್ಜೋದೇ ನನ್ ತಲೆನೋವು. ಟೇಪ್ ಹಿಡಿದು ಚಕ್ರದ ನಡುವಿಂದ ಫೆಂಡರ್ ಅಂಚಿನ ತನಕ ಅಳೆದೆ (ನೆಲದಿಂದ ಅಳೀಬೇಡಿ, ಟೈರ್ ಗಾಳಿ ಹೆಚ್ಚುಕಮ್ಮಿ ಇದ್ರೆ ಲೆಕ್ಕ ತಪ್ಪುತ್ತೆ), ಹಿಂದಕ್ಕಿಂತ ಮುಂದೆ 35 ಎಂಎಂ ಕಮ್ಮಿ.

ಮೊದ್ಲು ತಂದಿದ್ದು ಸ್ಪ್ರಿಂಗಿಗೂ ಅದರ ಮೇಲಿನ ಸೀಟಿಗೂ ಮಧ್ಯೆ ಕೂರೋ ಬಳೆ. ಬಾಕ್ಸ್ ಮೇಲೆ 25 ಎಂಎಂ ಲಿಫ್ಟ್ ಅಂತಿತ್ತು, ಮೇಲಿನ ಸ್ಪೇಸರ್ ಬಾಕ್ಸ್ ಮೇಲೂ ಅದೇ ಇತ್ತು, 700 ರೂಪಾಯಿ ಕಮ್ಮಿ ಅಂತ ಇದನ್ನೇ ಎತ್ಕೊಂಡೆ. ಜೋಡಿಗೆ 3,800, ಸ್ಪ್ರಿಂಗ್ ಅದುಮಿ ಬಿಚ್ಚಬೇಕಲ್ಲ, ಅದಕ್ಕೆ ಲೇಬರ್ 3,200. ಉಳಿಸಿದ್ದೆಲ್ಲ ಅಲ್ಲೇ ಹೋಯ್ತು.

ಗ್ಯಾರೇಜಿಂದ ಆಚೆ ಬಂದು ಮೊದಲ್ನೇ ಹಂಪ್ ಇಳೀತಿದ್ದಂಗೆ ಕೆಳಗಿಂದ ಠಕ್! ಏನೋ ಸಡ್ಲ ಇದೆ ಅಂತ ವಾಪಸ್ ಹೋದೆ, ಎಲ್ಲಾ ನಟ್ಟು ಬಿಗಿ ಮಾಡಿದ್ರು, ಮತ್ತೆ ಠಕ್. ಲಿಂಕ್ ರಾಡ್ ಹೋಗಿರ್ಬೇಕು ಅಂದ್ರು, ಅದನ್ನೂ ಹಾಕ್ಸಿದೆ, ಮತ್ತೂ ಠಕ್. ನಮ್ಮೂರ್ ರಸ್ತೇಲಿ ಹಂಪಿಗೇನ್ ಬರ, ಸಕಲೇಶಪುರ ಸೇರೋಷ್ಟರಲ್ಲಿ ಹಲ್ಲು ಕಚ್ಕೊಂಡು ಕೂತಿರ್ತಿದ್ದೆ. ಕೊನೆಗೆ ಇನ್ನೊಬ್ರು ಮೆಕ್ಯಾನಿಕ್ "ಸಾರ್, ನೀವ್ ಕೆಳಗೆ ಕೂತ್ಕೊಂಡ್ ನೋಡಿ, ನಾನ್ ಓಡಿಸ್ತೀನಿ" ಅಂದ್ರು. ಹಂಪ್ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದ್ರೆ, ಚಕ್ರ ಇಳೀತಾ ಇಳೀತಾ ಹಗ್ಗದ ಕೊನೆಗೆ ಓಡಿದ ಕರು ಥರ ಜಗ್ಗಿ ನಿಂತ್ಬಿಡ್ತು, ಅಲ್ಲೇ ಸೌಂಡು.

ವಿಷ್ಯ ಏನಂದ್ರೆ ಒಳಗಿನ ಬಳೆ ಸ್ಪ್ರಿಂಗನ್ನ ಅದುಮಿ ಗಾಡಿ ಎತ್ತುತ್ತೆ, ಶಾಕಬ್ಸರ್ ಉದ್ದ ಮಾತ್ರ ಹಳೇದೇ, ಹಾಗಾಗಿ ಗಾಡಿ ಸುಮ್ನೆ ನಿಂತಾಗ್ಲೇ ರಾಡು ಜಾಸ್ತಿ ಆಚೆ ಬಂದಿರುತ್ತೆ, ಚಕ್ರ ಕೆಳಗಿಳಿಯೋಕೆ ಉಳಿದಿರೋ ಜಾಗ ಕಮ್ಮಿ, ಬೇಗ ಕೊನೆ ಮುಟ್ಟಿ ಬಡಿಯುತ್ತೆ. ಮೇಲಿನ ಸ್ಪೇಸರ್ರು ಇಡೀ ಶಾಕಬ್ಸರ್ರನ್ನೇ ಕೆಳಗೆ ತಳ್ಳುತ್ತೆ, ಒಳಗಿಂದು ಇದ್ದಂಗೇ ಇರುತ್ತೆ. ಶಾಕಬ್ಸರ್ ಕೂತಿರೋದು ಕೆಳಗಿನ ಆರ್ಮ್ (ಚಕ್ರಾನ ಚಾಸಿಗೆ ಜೋಡಿಸೋ ತೋಳು) ಮಧ್ಯದಲ್ಲಾದ್ರಿಂದ 12 ಎಂಎಂ ಇಟ್ರೆ ಚಕ್ರದತ್ರ ಹೆಚ್ಚುಕಮ್ಮಿ ಡಬಲ್. 4,500 ಕೊಟ್ಟೆ, ಸ್ಪ್ರಿಂಗ್ ಬಿಚ್ಚೋ ಕೆಲ್ಸ ಇಲ್ಲ, ನನ್ ಗಾಡೀಲಿ ಬಳೆ ತೆಗಿಯೋಕೇ ಬಿಚ್ಚಬೇಕಾಯ್ತು ಬಿಡಿ. ಠಕ್ ಅವತ್ತಿಂದ ಇಲ್ಲ.

ಇದರಲ್ಲೂ ಚಕ್ರ ಮೊದ್ಲಿಗಿಂತ ಕೆಳಗೆ ಜೋತು ಬೀಳೋದ್ರಿಂದ ಆರ್ಮ್ ತುದಿಯ ಬಾಲ್ ಜಾಯಿಂಟು, ಆಕ್ಸಲ್ ಬೂಟು (ಆಕ್ಸಲ್ ಕೀಲಿಗೆ ಮುಚ್ಚೋ ರಬ್ಬರ್) ಇವುಗಳ ಮೇಲೆ ಒತ್ತಡ ಬೀಳುತ್ತೆ. "2 ಇಂಚ್ ಹಾಕ್ಸಿ ಸಾರ್, ಲುಕ್ಕೇ ಬೇರೆ" ಅಂತಾರೆ, ಕಿವಿಗ್ ಹಾಕೋಬೇಡಿ. ನಾನು ಇನ್ನೂ 10 ಎಂಎಂ ತಗ್ಗು ಬೇಕಂತ್ಲೇ ಬಿಟ್ಟಿದೀನಿ, ಹಿಂದೆ ಮೆಣಸಿನ ಮೂಟೆ ಹಾಕಿದ್ರೆ ಮೂತಿ ಆಕಾಶ ನೋಡ್ಬಾರ್ದಲ್ಲ.

ಸ್ಪ್ರಿಂಗ್ ಸುರುಳಿ ಮಧ್ಯೆ ತುರುಕೋ ರಬ್ಬರ್ ಬಗ್ಗೆ ಕೇಳ್ಲೇಬೇಡಿ, ಭಾವನ ಗಾಡೀಲಿ ಎರಡು ದಿನ ಓಡಿಸಿ ಸೊಂಟ ಹಿಡ್ಕೊಂಡೆ.

ಉದ್ದದ ಹೊಸ ಸ್ಪ್ರಿಂಗು, ಶಾಕಬ್ಸರ್ ನಾಲ್ಕೂ ಕಡೆ ಹಾಕ್ಸಿರೋ ಫ್ರೆಂಡ್ ಗಾಡಿ ಓಡಿಸಿದೀನಿ. ಕಲ್ಲುದಾರೀಲಿ ನಂದಕ್ಕಿಂತ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಲಕ್ಷದ ಹತ್ರ ಖರ್ಚು, ಮುಂದೆ ವಿಂಚ್ (ಹೂತ ಗಾಡಿ ಎಳೆಯೋ ಯಂತ್ರ) ಥರ ಭಾರ ಇದ್ರೇನೇ ಆ ಸ್ಪ್ರಿಂಗು ಮೆತ್ತಗಾಗೋದು. ವಾರವೆಲ್ಲ ಒಬ್ನೇ ಆಫೀಸಿಗೆ, ತಿಂಗ್ಳಿಗೆರಡ್ಸಲ ತೋಟಕ್ಕೆ ಹೋಗೋ ನಂಗೆ ಅಷ್ಟೆಲ್ಲ ಯಾಕೆ.

ಅಲೈನ್‌ಮೆಂಟ್ ಯಾವ್ದೇ ಹಾಕ್ಸಿದ್ರೂ ಮಾಡಿಸ್ಲೇಬೇಕು, ಮಲೆನಾಡಿನ ಗಾಡಿ ಆದ್ರೆ ಅಲೈನ್‌ಮೆಂಟಿಗೆ ತಿರುಗಿಸೋ ಆರ್ಮಿನ ಕ್ಯಾಮ್ ಬೋಲ್ಟ್ ತುಕ್ಕು ಹಿಡಿದಿರುತ್ತೆ, ಹಿಂದಿನ ದಿನವೇ ಎಣ್ಣೆ ಬಿಡಿ. ಹೆಡ್‌ಲೈಟ್ ತಗ್ಗಿಸ್ಕೊಳ್ಳಿ. ಗಾಡಿ ಬದಲಾವಣೆ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, 2019ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಬಿಗಿ ಇವೆ, ಇನ್ಶೂರೆನ್ಸ್‌ನೋರನ್ನ ಮೊದ್ಲು ಕೇಳಿ. ಅಂಗಡೀಲಿ ಬಾಕ್ಸ್ ಮೇಲಿನ ಅಕ್ಷರ ನಂಬ್ಬೇಡಿ, ಬಿಚ್ಚಿಸಿ ಬೋಲ್ಟ್ ತೂತು ಇದ್ಯಾ ನೋಡಿ, ಬರೀ ದುಂಡನೆ ಬಳೆ ಕಂಡ್ರೆ ಅಲ್ಲೇ ಬಿಟ್ಟು ಬನ್ನಿ.