ಬ್ಯಾಂಕ್ ಡೇಟಾ ಲೀಕ್ ಭಯ ಇರೋರಿಗೆ 'ಹ್ಯಾವ್ ಐ ಬೀನ್ ಪೋನ್ಡ್' ಎಷ್ಟರ ಮಟ್ಟಿಗೆ ಉಪಯೋಗ?

ಯಾವುದಾದ್ರೂ ಬ್ಯಾಂಕಿನ ಕಸ್ಟಮರ್ ಡೇಟಾ ಲೀಕ್ ಆಯ್ತು ಅಂತ ಸುದ್ದಿ ಬಂದ್ರೆ ಸಾಕು, ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಈ ಸೈಟಿನ ಲಿಂಕ್ ಹಾಕೇ ಹಾಕ್ತಾರೆ, "ಇಮೇಲ್ ಕೊಟ್ಟು ನೋಡ್ಕೊಳ್ಳಿ, ನಿಮ್ದೂ ಹೋಗಿದ್ಯಾ ಅಂತ". ಆಸ್ಟ್ರೇಲಿಯಾದ ಸೆಕ್ಯುರಿಟಿ ಎಕ್ಸ್‌ಪರ್ಟ್ ಟ್ರಾಯ್ ಹಂಟ್ 2013ರ ಡಿಸೆಂಬರಲ್ಲಿ ಶುರು ಮಾಡಿದ ಸೈಟು, ನಮ್ಮಂಥ ಸಾಮಾನ್ಯ ಜನಕ್ಕೆ ಫ್ರೀ. ನಾನು ವರ್ಷಗಳಿಂದ ಬಳಸ್ತಿದೀನಿ, ಮನೆಯವರಿಗೆಲ್ಲ ಹಾಕಿಕೊಟ್ಟಿದೀನಿ. ಒಳ್ಳೇ ಸರ್ವೀಸ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬ್ಯಾಂಕ್ ವಿಷಯದಲ್ಲಿ ಇದು ಏನು ಹೇಳುತ್ತೆ, ಏನು ಹೇಳೋಕೆ ಆಗಲ್ಲ ಅನ್ನೋದು ಗೊತ್ತಿಲ್ದೆ ಬಳಸಿದ್ರೆ ಸುಮ್ನೆ ಧೈರ್ಯ ಬಂದುಬಿಡುತ್ತೆ, ಅದು ಅಪಾಯ.

ಮೊದಲು ಚೆನ್ನಾಗಿರೋದು ಹೇಳ್ತೀನಿ. ಇಮೇಲ್ ಹಾಕಿದ್ರೆ ಅದು ಯಾವ್ಯಾವ ಲೀಕಲ್ಲಿ ಸಿಕ್ಕಿದೆ ಅಂತ ಲಿಸ್ಟ್ ಬರುತ್ತೆ. ಪ್ರತಿ ಲೀಕಿಗೂ ಅದು ಯಾವಾಗ ಆಯ್ತು, ಸೈಟಿಗೆ ಯಾವಾಗ ಸೇರಿಸಿದ್ರು, ಏನೇನು ಹೋಗಿದೆ, ಹೆಸರಾ, ಫೋನ್ ನಂಬರಾ, ಹುಟ್ಟಿದ ದಿನವಾ, ಪಾಸ್‌ವರ್ಡಾ, ಎಲ್ಲ ಬಿಡಿಸಿ ಬರೆದಿರ್ತಾರೆ. ಲೀಕ್ ಆದ್ಮೇಲೆ ಬ್ಯಾಂಕಿನಿಂದ ಬರೋ ಮೇಲ್ ಜೊತೆ ಹೋಲಿಸಿ ನೋಡಿ ಒಂದ್ಸಲ, ನನಗೆ ಬಂದಿದ್ದ ಒಂದರಲ್ಲಿ "ನಿಮ್ಮ ಕೆಲವು ಮಾಹಿತಿ ಬಹಿರಂಗವಾಗಿರುವ ಸಾಧ್ಯತೆ ಇದೆ, ನಿಮ್ಮ ಸುರಕ್ಷತೆ ನಮ್ಮ ಆದ್ಯತೆ" ಅಷ್ಟೇ ಇತ್ತು, ಯಾವ ಮಾಹಿತಿ ಅಂತ ಕೇಳೋಕೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಅಲ್ಲಿರೋರಿಗೂ ಗೊತ್ತಿಲ್ಲ, ಪಾಪ ಅವರಿಗೆ ಓದೋಕೆ ಕೊಟ್ಟಿರೋದೂ ಅದೇ ನಾಲ್ಕು ಸಾಲು. ಏನು ಹೋಗಿದೆ ಅಂತ ಗೊತ್ತಾಗದೆ ಜನ ಏನನ್ನ ಬದಲಾಯಿಸಬೇಕು ಹೇಳಿ?

ಪಾಸ್‌ವರ್ಡ್ ಚೆಕ್ ಮಾಡೋ ಪುಟ ಬೇರೆನೇ ಇದೆ. ಯಾರೋ ಅಪರಿಚಿತರ ಸೈಟಲ್ಲಿ ಪಾಸ್‌ವರ್ಡ್ ಟೈಪ್ ಮಾಡೋದಾ ಅಂತ ಕೇಳ್ತಾರೆ ಎಲ್ಲರೂ, ಕೇಳ್ಲೇಬೇಕಾದ ಪ್ರಶ್ನೆನೇ. ಇಲ್ಲಿ ಆಗೋದು ಏನಂದ್ರೆ ಟೈಪ್ ಮಾಡಿದ್ದು ನಿಮ್ಮ ಬ್ರೌಸರಲ್ಲೇ ಎಸ್‌ಎಚ್‌ಎ-1 ಅನ್ನೋ ಲೆಕ್ಕದ ಪ್ರಕಾರ 40 ಅಕ್ಷರದ ಹ್ಯಾಶ್ (ಪಾಸ್‌ವರ್ಡ್ ಬದಲು ಬಳಸೋ ಗುರುತಿನ ಸಾಲು) ಆಗುತ್ತೆ, ಅದರಲ್ಲಿ ಮೊದಲ 5 ಅಕ್ಷರ ಮಾತ್ರ ಸರ್ವರ್‌ಗೆ ಹೋಗುತ್ತೆ, ಆ 5ರಿಂದ ಶುರುವಾಗೋ ಲೀಕಾದ ಹ್ಯಾಶ್‌ಗಳೆಲ್ಲ ವಾಪಸ್ ಬರುತ್ತೆ, ನಿಮ್ದು ಅದರಲ್ಲಿ ಇದ್ಯಾ ಅಂತ ನೋಡೋದು ನಿಮ್ಮ ಬ್ರೌಸರೇ. ಪೂರ್ತಿ ಪಾಸ್‌ವರ್ಡ್ ಅವರ ಕೈಗೆ ಹೋಗೋದೇ ಇಲ್ಲ. ಇದು ಯಾಕೆ ಮುಖ್ಯ ಅಂದ್ರೆ ಯಾವುದೋ ಗೇಮ್ ಸೈಟಲ್ಲಿ ಲೀಕಾದ ಇಮೇಲ್-ಪಾಸ್‌ವರ್ಡ್ ಜೋಡಿನ ಕಳ್ಳರು ಸಾಫ್ಟ್‌ವೇರ್ ಇಟ್ಕೊಂಡು ಸಾವಿರಾರು ಬೇರೆ ಸೈಟಲ್ಲಿ ಪ್ರಯತ್ನ ಮಾಡ್ತಾರೆ, ನೆಟ್‌ಬ್ಯಾಂಕಿಂಗಿಗೂ ಅದೇ ಪಾಸ್‌ವರ್ಡ್ ಇದ್ರೆ ಬ್ಯಾಂಕನ್ನ ಹ್ಯಾಕ್ ಮಾಡೋ ಕಷ್ಟವೇ ಬೇಕಾಗಿಲ್ಲ.

ಈಗ ಕೊರತೆ. ಈ ಸೈಟಿಗೆ ಸಿಗೋದು ಹೊರಗೆ ಬಂದು ಕೈಯಿಂದ ಕೈಗೆ ಓಡಾಡೋ ಡೇಟಾ ಮಾತ್ರ, ಅದೂ ಇಮೇಲ್ ಇದ್ರೆ ಹುಡುಕೋಕೆ ಆಗುತ್ತೆ. ಬ್ಯಾಂಕುಗಳ ದೊಡ್ಡ ದೊಡ್ಡ ಪ್ರಕರಣಗಳು ಎಷ್ಟೋ ಸಲ ಹೀಗೆ ಇರೋದೇ ಇಲ್ಲ. ಕೆನಡಾದ ದೇಜಾರ್ಡ್ಯಾ ಅನ್ನೋ ಸಹಕಾರಿ ಬ್ಯಾಂಕಿಂಗ್ ಸಂಸ್ಥೆಯ ಪ್ರಕರಣ ನೋಡಿ, ಅಲ್ಲಿ ಹೊರಗಿನ ಹ್ಯಾಕರ್ ಯಾರೂ ಬಂದಿರ್ಲಿಲ್ಲ, ಒಳಗೆ ಕೆಲಸ ಮಾಡ್ತಿದ್ದ ಉದ್ಯೋಗಿಯೇ ಕಮ್ಮಿ ಅಂದ್ರೂ 26 ತಿಂಗಳು ಡೇಟಾ ತೆಗೀತಾ ಇದ್ದ. 2019ರ ಜೂನಲ್ಲಿ 29 ಲಕ್ಷ ಸದಸ್ಯರದ್ದು ಅಂದ್ರು, ಆಮೇಲೆ 42 ಲಕ್ಷ ಅಂದ್ರು, ಕೊನೆಗೆ ಸುಮಾರು 97 ಲಕ್ಷ ಜನರ ಲೆಕ್ಕ ಬಂತು! ಪಾಸ್‌ವರ್ಡ್, ಪಿನ್ ಹೋಗಿಲ್ಲ ಅಂತ ಸಮಾಧಾನ ಹೇಳಿದ್ರು, ಆದ್ರೆ ಹೋಗಿದ್ದು ಹುಟ್ಟಿದ ದಿನ, ಸೋಷಿಯಲ್ ಇನ್ಶೂರೆನ್ಸ್ ನಂಬರ್ (ಅಲ್ಲಿನ ಸರ್ಕಾರ ಕೊಡೋ ಗುರುತಿನ ಸಂಖ್ಯೆ), ವಿಳಾಸ. ಪಾಸ್‌ವರ್ಡ್ ಆದ್ರೆ ಎರಡು ನಿಮಿಷದಲ್ಲಿ ಬದಲಾಯಿಸಬಹುದು ಸ್ವಾಮಿ, ಹುಟ್ಟಿದ ದಿನ ಹೇಗೆ ಬದಲಾಯಿಸೋದು? ಅದೇ 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಂದು ಆಯ್ತು, ಕ್ಲೌಡ್‌ನಲ್ಲಿ ಫೈರ್‌ವಾಲ್ (ಹೊರಗಿನವರನ್ನ ತಡೆಯೋ ಕಾವಲು) ಸೆಟ್ಟಿಂಗ್ ತಪ್ಪಾಗಿದ್ದರಿಂದ ಅಮೆರಿಕದಲ್ಲಿ ಸುಮಾರು 10 ಕೋಟಿ, ಕೆನಡಾದಲ್ಲಿ 60 ಲಕ್ಷ ಜನರ ಮಾಹಿತಿ ಹೊರಗೆ ಬಂತು, ಅದರಲ್ಲಿ 2005ರಿಂದ ಕ್ರೆಡಿಟ್ ಕಾರ್ಡಿಗೆ ಬರೀ ಅರ್ಜಿ ಹಾಕಿದವರೂ ಇದ್ರು. ಕಾರ್ಡ್ ಸಿಕ್ಕಿತೋ ಇಲ್ವೋ, ಅರ್ಜಿಯಲ್ಲಿ ಬರೆದಿದ್ದು ಮಾತ್ರ ವರ್ಷಗಟ್ಟಲೆ ಬ್ಯಾಂಕಿನ ಹತ್ರ ಇತ್ತು. ಇದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋ ವಿಷಯ, ಬೇಡದ ಡೇಟಾ ಅಳಿಸಿಬಿಟ್ಟಿದ್ರೆ ಕದಿಯೋಕೆ ಏನಿರ್ತಿತ್ತು?

ಹಾಗಾಗಿ ಹುಡುಕಿದಾಗ ಏನೂ ಸಿಗಲಿಲ್ಲ ಅಂದ್ರೆ ಅರ್ಥ ಇಷ್ಟೇ, ಇವರ ಹತ್ರ ಇರೋ ಡೇಟಾದಲ್ಲಿ ನಿಮ್ಮ ಇಮೇಲ್ ಇಲ್ಲ. ಬ್ಯಾಂಕಲ್ಲಿರೋ ನಿಮ್ಮ ಮಾಹಿತಿ ಭದ್ರ ಅಂತ ಅಲ್ಲ. ಸುದ್ದಿ ಹೊರಗೆ ಬರೋದೂ ನಿಧಾನ, ಜನರ ಸಾಲದ ದಾಖಲೆ ಇಟ್ಕೊಳ್ಳೋ ಈಕ್ವಿಫ್ಯಾಕ್ಸ್ ಅನ್ನೋ ಕ್ರೆಡಿಟ್ ಕಂಪನಿಗೆ ತನ್ನ ಡೇಟಾ ಕಳುವಾಗಿದ್ದು 2017ರ ಜುಲೈ ಕೊನೆಯಲ್ಲೇ ಗೊತ್ತಾಗಿತ್ತು, ಜನಕ್ಕೆ ಹೇಳಿದ್ದು ಸೆಪ್ಟೆಂಬರ್ 7ಕ್ಕೆ. ಆ ಮಧ್ಯದ ದಿನಗಳಲ್ಲಿ ಯಾವ ಸೈಟ್ ನೋಡಿದ್ರೂ ಏನು ಗೊತ್ತಾಗ್ತಿತ್ತು?

ಇನ್ನೊಂದು, ಇಲ್ಲಿ ಯಾರ ಇಮೇಲ್ ಬೇಕಾದ್ರೂ ಯಾರು ಬೇಕಾದ್ರೂ ಹಾಕಿ ನೋಡಬಹುದು. ಮರ್ಯಾದೆ ಹೋಗೋ ಥರದ ಸೈಟುಗಳ ಲೀಕನ್ನ ಇಮೇಲ್ ನಿಮ್ದೇ ಅಂತ ಖಚಿತ ಮಾಡ್ಕೊಂಡ ಮೇಲಷ್ಟೇ ತೋರಿಸ್ತಾರೆ, ಅದು ಸರಿ. ಉಳಿದಿದ್ದೂ ಕಾಣಬಾರ್ದು ಅಂದ್ರೆ ಆಪ್ಟ್ ಔಟ್ (ನಿಮ್ಮ ಇಮೇಲ್ ಹುಡುಕಾಟದಲ್ಲಿ ಸಿಗದ ಹಾಗೆ ಮಾಡ್ಕೊಳ್ಳೋದು) ಇದೆ, ಆದ್ರೆ ಅದು ಎಷ್ಟು ಜನಕ್ಕೆ ಗೊತ್ತು?

ನಾನು ಹೇಳೋದು, ಸುಮ್ನೆ ಒಂದ್ಸಲ ಹುಡುಕಿ ಬಿಡಬೇಡಿ, 'ನೋಟಿಫೈ ಮಿ' ಆನ್ ಮಾಡಿ, ಮುಂದೆ ಯಾವ ಲೀಕಲ್ಲಿ ನಿಮ್ಮ ಇಮೇಲ್ ಬಂದ್ರೂ ಅವರೇ ತಿಳಿಸ್ತಾರೆ. ಬ್ಯಾಂಕಿಗೆ ಅಂತ ಬೇರೆ ಒಂದು ಇಮೇಲ್ ಇಟ್ಕೊಳ್ಳಿ, ಅದನ್ನ ಶಾಪಿಂಗಿಗೆ ಗೀಪಿಂಗಿಗೆ ಎಲ್ಲೂ ಕೊಡಬೇಡಿ, ಆಗ ಆ ಅಡ್ರೆಸ್ ಲಿಸ್ಟಲ್ಲಿ ಕಾಣಿಸ್ಕೊಂಡ್ರೆ ಎಲ್ಲಿಂದ ಹೋಯ್ತು ಅಂತ ತಕ್ಷಣ ಗೊತ್ತಾಗುತ್ತೆ. ಲೀಕ್ ಆದ ಮೇಲೆ ಬರೋ ಫೋನ್ ಕಾಲ್‌ಗಳೇ ನಿಜವಾದ ಕಾಟ, ನಿಮ್ಮ ಹೆಸರು, ಹುಟ್ಟಿದ ದಿನ, ಕಾರ್ಡಿನ ಕೊನೆ ನಾಲ್ಕು ಅಂಕಿ ಎಲ್ಲ ಪಟಪಟ ಹೇಳಿ "ಬ್ಯಾಂಕಿಂದ ಮಾತಾಡ್ತಿರೋದು" ಅಂತಾರೆ, ಇಷ್ಟೆಲ್ಲ ಗೊತ್ತಿದೆ ಅಂದ್ರೆ ಬ್ಯಾಂಕಿನವರೇ ಇರಬೇಕು ಅಂತ ನಮ್ಮಪ್ಪ-ಅಮ್ಮನಂಥವರು ನಂಬಿ ಓಟಿಪಿ ಹೇಳಿಬಿಡ್ತಾರೆ. ಫೋನ್ ಇಟ್ಟು, ಕಾರ್ಡಿನ ಹಿಂದೆ ಇರೋ ನಂಬರಿಗೆ ನೀವೇ ಮಾಡಿ ಅಂತ ಅವರಿಗೆ ಹೇಳಿಕೊಡಿ, ಈ ಕೆಲಸ ಯಾವ ಸೈಟೂ ಮಾಡಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದಿದ್ದು ಯಾಕಂದ್ರೆ ಹುಡುಕಿ ಏನೂ ಸಿಗದೆ ಇದ್ದಾಗ ಬರೋ ಪುಟದಲ್ಲೇ, ಇದರಲ್ಲಿ ಬ್ಯಾಂಕಿನ ಎಲ್ಲ ಲೀಕೂ ಸೇರಿರಲ್ಲ ಅಂತ ದೊಡ್ಡ ಅಕ್ಷರದಲ್ಲಿ ಹಾಕಬೇಕು.