ಬ್ರೂಬೇಕರ್, ಯೊಪ್ಕೆ, ಮೊದೂದ್: ಯಾರಿಂದ ಶುರುಮಾಡಲಿ?

ಯುರೋಪಿನ ಪಾಪ್ಯುಲಿಸಂ ('ಜನಸಾಮಾನ್ಯರ ವಿರುದ್ಧ ಗಣ್ಯರು' ಎನ್ನುವ ರಾಜಕೀಯ), ಸೆಕ್ಯುಲರಿಸಂ, ಮುಸ್ಲಿಮರ ಬಗ್ಗೆ ಪ್ರಬಂಧ ಬರೆಯುವವರಿಗೆ ಈ ಮೂವರು ಸಮಾಜಶಾಸ್ತ್ರಜ್ಞರೂ ಬೇಕು. ಆದರೆ ಮೊದಲು ಯಾರು?

ಸಮಯ ಕಡಿಮೆಯಿದ್ದರೆ ರೋಜರ್ಸ್ ಬ್ರೂಬೇಕರ್. 2017ರ ಒಂದೇ ಲೇಖನದಲ್ಲಿ ಇಡೀ ವಾದ ಸಿಗುತ್ತದೆ. ನೆದರ್ಲ್ಯಾಂಡ್ಸ್‌ನ ಪಿಮ್ ಫೋರ್ಟಾಯ್ನ್ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ನಾಯಕ. ಸಲಿಂಗಿಗಳ, ಹೆಂಗಸರ ಹಕ್ಕಿನ ಹೆಸರಿನಲ್ಲೇ ಇಸ್ಲಾಮನ್ನು ವಿರೋಧಿಸಿದ. ಇಂಥ ನಾಯಕರ ಮಾತಿನಲ್ಲಿ 'ನಮ್ಮ ದೇಶ' ಎನ್ನುವುದರ ಜೊತೆಗೆ 'ನಮ್ಮ ನಾಗರಿಕತೆ' ಬಂತು. ಕ್ರೈಸ್ತ ಗುರುತು, ಸೆಕ್ಯುಲರಿಸಂ ಎರಡೂ ಒಂದೇ ಬಾಯಲ್ಲಿ! ಈ ವಿಚಿತ್ರವನ್ನು ಇಷ್ಟು ಚೆನ್ನಾಗಿ ಬಿಡಿಸಿದವರು ಕಡಿಮೆ. ಮುಸ್ಲಿಮರ ದಿನನಿತ್ಯದ ಬದುಕು ಮಾತ್ರ ಅಲ್ಲಿ ಸಿಗದು.

ಕಾನೂನೇ ಮುಖ್ಯವಾದರೆ ಕ್ರಿಶ್ಚಿಯನ್ ಯೊಪ್ಕೆ. ತಲೆವಸ್ತ್ರದ ವಿವಾದಗಳನ್ನು ದೇಶದಿಂದ ದೇಶಕ್ಕೆ ಹೋಲಿಸುತ್ತಾರೆ. ಫ್ರಾನ್ಸಿನ 2004ರ ಕಾಯ್ದೆ ಸರ್ಕಾರಿ ಶಾಲೆಯ ವಿದ್ಯಾರ್ಥಿನಿಯರ ತಲೆವಸ್ತ್ರ ತೆಗೆಸಿತು. ಜರ್ಮನಿಯಲ್ಲಿ ಜಗಳವಾದದ್ದು ಶಿಕ್ಷಕಿಯರ ಬಗ್ಗೆ. ಈ ವ್ಯತ್ಯಾಸ ಸಣ್ಣದಲ್ಲ. 2022ರ ನಮ್ಮ ಹಿಜಾಬ್ ಚರ್ಚೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಮುಸ್ಲಿಮರ ಪರವಾದ ವಾದ ಬೇಕಿದ್ದರೆ ಕರಾಚಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ತಾರಿಕ್ ಮೊದೂದ್. ಸಾರ್ವಜನಿಕ ಬದುಕಿನಲ್ಲಿ ಚರ್ಚಿಗೆ ಕೊಟ್ಟ ಸ್ಥಾನ ಕಿತ್ತುಕೊಳ್ಳಬೇಡಿ, ಉಳಿದ ಧರ್ಮಗಳಿಗೂ ಹಿಗ್ಗಿಸಿ ಎನ್ನುತ್ತಾರೆ. ನನಗೆ ಇದು ತುಂಬಾ ಇಷ್ಟ. ಆದರೆ ಬ್ರಿಟನ್ನಿನ ಅನುಭವವೇ ಜಾಸ್ತಿ. ಫ್ರಾನ್ಸಿಗೆ ಸುಮ್ನೆ ಅಂಟಿಸಬೇಡಿ. ಮೊದೂದ್ ಬಹುಸಂಸ್ಕೃತಿವಾದದ (ಬೇರೆ ಬೇರೆ ಸಮುದಾಯಗಳ ಗುರುತಿಗೂ ಮನ್ನಣೆ ಬೇಕು ಎನ್ನುವ ನಿಲುವಿನ) ಪರ; ಯೊಪ್ಕೆ ಅದರ ಟೀಕಾಕಾರರು. ನಿಮ್ಮ ಪ್ರಬಂಧ ಒಳಗೊಳ್ಳುವಿಕೆಯ ಬಗ್ಗೆಯಾದರೆ ಇವರಿಬ್ಬರನ್ನೂ ಒಟ್ಟಿಗೇ ಓದಿ. ಚುನಾವಣೆಯ ಬಗ್ಗೆಯಾದರೆ ಬ್ರೂಬೇಕರ್ ಸಾಕು.